ಪೇಪರ್ ಕ್ಲಿಯರ್ ಇದೆ, ನೆಲ?

ಬೆಂಗಳೂರಿನ ಜರಗನಹಳ್ಳಿಯಲ್ಲಿ ಖಾಲಿ ಸೈಟು ತೋರಿಸುವ ಬ್ರೋಕರ್ ಅಳತೆಗಿಂತ ಮೊದಲು ಹೇಳುವ ಮಾತು, 'ಪೇಪರೆಲ್ಲಾ ಕ್ಲಿಯರ್ ಇದೆ ಸಾರ್, ಲೋನೂ ಆಗುತ್ತೆ'. ಕೊಳ್ಳುವವರಿಗೆ ಬೇಕಾದದ್ದೂ ಅದೇ. ಖಾತೆ, ಮೂವತ್ತು ವರ್ಷದ ಇಸಿ (ಋಣಭಾರ ಪತ್ರ), ವಕೀಲರ ಅಭಿಪ್ರಾಯ, ಬ್ಯಾಂಕಿನ ಒಪ್ಪಿಗೆ ಕೈಗೆ ಬಂದರೆ ಸೈಟನ್ನು ಪರೀಕ್ಷಿಸಿದ ಹಾಗೇ ಲೆಕ್ಕ. ಈ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ಇವೆಲ್ಲ ಮಾರುವವನ ಬಗ್ಗೆ ಒಂದಿಷ್ಟು ಹೇಳುತ್ತವೆ. ಆ ನೆಲ ಹಿಂದೆ ಏನಾಗಿತ್ತು ಎಂಬುದನ್ನು ಹೇಳುವುದಿಲ್ಲ.

ಸಾಕ್ಷಿಗೆ ದೂರ ಹೋಗಬೇಕಿಲ್ಲ. ಜರಗನಹಳ್ಳಿ ಕೆರೆ ಎಂದೂ ಕರೆಸಿಕೊಳ್ಳುವ ಸಾರಕ್ಕಿ ಕೆರೆ ದಾಖಲೆಯಲ್ಲಿ ಎಂಬತ್ತು ಎಕರೆಗೂ ಹೆಚ್ಚು. 2015ರ ಏಪ್ರಿಲ್‌ನಲ್ಲಿ ಬೆಂಗಳೂರು ನಗರ ಜಿಲ್ಲಾಡಳಿತ ಜೆಸಿಬಿ ತಂದು ಒತ್ತುವರಿ ತೆರವಿಗೆ ಇಳಿಯಿತು. ಮೂವತ್ತು ಎಕರೆಗೂ ಮಿಕ್ಕಿ ಜಾಗ ಕೆರೆಗೆ ವಾಪಸಾಯಿತು. ನೆಲಕ್ಕುರುಳಿದವುಗಳಲ್ಲಿ ಸಾಲ ಮಾಡಿ ಕಟ್ಟಿಸಿದ ಆರ್‌ಸಿಸಿ ಮನೆಗಳಿದ್ದವು. ರಿಜಿಸ್ಟರ್ ಆಗಿದೆ, ಕಂದಾಯ ಕಟ್ಟಿದ್ದೇವೆ, ಕರೆಂಟು ಕೊಟ್ಟವರು ನೀವೇ ಅಲ್ಲವೇ ಎಂದು ಜನ ಅತ್ತರು. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಮರುವರ್ಷ ಆಗಸ್ಟ್‌ನಲ್ಲಿ ಆಗ ಜರಗನಹಳ್ಳಿಯೂ ಸೇರಿದ್ದ ಬೊಮ್ಮನಹಳ್ಳಿ ವಲಯದ ಅವನಿ ಶೃಂಗೇರಿನಗರದಲ್ಲಿ, ಪಾಲಿಕೆಯೇ ಮಂಜೂರು ಮಾಡಿದ ಪ್ಲಾನ್ ಇದ್ದ ಮನೆಗಳೂ ಮಳೆನೀರು ಹರಿಯುವ ರಾಜಕಾಲುವೆಯ ಹೆಸರಲ್ಲಿ ಬಿದ್ದವು.

ಹೀಗಾಗುವುದಕ್ಕೆ ಕಾರಣವಿದೆ. ಸಬ್‌ರಿಜಿಸ್ಟ್ರಾರ್ ಪತ್ರವನ್ನು ನೋಂದಾಯಿಸುತ್ತಾರೆ, ಮಾರುವವನ ಹಕ್ಕಿಗೆ ಜಾಮೀನು ನಿಲ್ಲುವುದಿಲ್ಲ. ಖಾತೆ ತೆರಿಗೆಯ ದಾಖಲೆ. ಅದರಿಂದ ಮಾಲೀಕತ್ವ ಬರುವುದಿಲ್ಲ ಎಂದು ನ್ಯಾಯಾಲಯಗಳು ಹೇಳುತ್ತಲೇ ಬಂದಿವೆ. 2024ರ ಕೊನೆಯಿಂದ ನೋಂದಣಿಗೆ ಕಡ್ಡಾಯವಾದ ಇ-ಖಾತೆಯೂ ಆ ದಾಖಲೆಯ ಡಿಜಿಟಲ್ ರೂಪವೇ. ಇನ್ನು ಇಸಿಯಲ್ಲಿ ಸಿಗುವುದು ನೋಂದಣಿಯಾದ ವ್ಯವಹಾರ ಮಾತ್ರ. ಕೆರೆ ತನ್ನನ್ನು ತಾನು ಯಾರಿಗೂ ಕ್ರಯ ಮಾಡಿಕೊಟ್ಟಿಲ್ಲವಾದ್ದರಿಂದ ಅಲ್ಲಿ ಅದರ ಸುದ್ದಿಯೇ ಇರುವುದಿಲ್ಲ. ಬ್ಯಾಂಕು ನೋಡುವುದು ತನ್ನ ಸಾಲದ ಭದ್ರತೆಯನ್ನು. ಮನೆ ಹೋದರೂ ಇಎಂಐ ನಿಲ್ಲುವುದಿಲ್ಲ.

ವಾಸ್ತು ಹೇಳುವವರನ್ನು ಗೇಲಿ ಮಾಡುವುದು ಸುಲಭ. ಆದರೆ ನೀರು ಯಾವ ಕಡೆ ಇಳಿಯುತ್ತದೆ ಎಂದು ಸೈಟಿನಲ್ಲಿ ನಿಂತು ಕೇಳುವವರು ಅವರೊಬ್ಬರೇ. ಕೇಳುವುದು ನಾಲ್ಕು ಕಲ್ಲಿನ ಒಳಗಿನ ನೀರನ್ನಷ್ಟೇ ಎಂಬುದು ನನ್ನ ತಕರಾರು.

ಆ ಕಲ್ಲುಗಳ ಆಚೆಯದು ತಿಳಿಯಲು ಕೇಳಬೇಕಾದ ಮೊದಲ ಪ್ರಶ್ನೆ ಸರ್ವೆ ನಂಬರಿನದು. ಬಿ ಖಾತೆ ಎಂದರೆ ಬೆಚ್ಚಿಬೀಳುವ ನಾವು ಬಿ ಖರಾಬನ್ನು ವಿಚಾರಿಸುವುದೇ ಇಲ್ಲ. ಕೆರೆ, ಹಳ್ಳ, ದಾರಿ, ಸ್ಮಶಾನದಂಥ ಸಾರ್ವಜನಿಕ ಉಪಯೋಗಕ್ಕೆಂದು ಬಿಟ್ಟ ಜಾಗ ಅದು. ಹಿಡುವಳಿದಾರ ಅದನ್ನು ಮಾರುವಂತೆಯೇ ಇಲ್ಲ. ಸರ್ವೆ ನಂಬರಿನಲ್ಲಿ ಖರಾಬು ಎಷ್ಟಿದೆ ಎಂದು ಆಕಾರ್‌ಬಂದ್ ಹೇಳುತ್ತದೆ, ಕಾಲುವೆ ಎಲ್ಲಿ ಹರಿದಿತ್ತು ಎಂದು ಹಳೆಯ ಗ್ರಾಮ ನಕ್ಷೆ ತೋರಿಸುತ್ತದೆ. ನಿಂತ ಜಾಗದ ಸರ್ವೆ ನಂಬರನ್ನು ಸರ್ಕಾರದ ದಿಶಾಂಕ್ ಆ್ಯಪ್ ಮೊಬೈಲಿನಲ್ಲೇ ಕೊಡುತ್ತದೆ. ಕ್ರಯಪತ್ರದ ಚೆಕ್ಕುಬಂದಿಯಲ್ಲಿ 'ಉತ್ತರಕ್ಕೆ ರಸ್ತೆ' ಎಂದಿರುವ ಕಡೆ ನಕ್ಷೆಯಲ್ಲಿ ಕಾಲುವೆ ಇದ್ದರೆ ನಂಬಬೇಕಾದದ್ದು ನಕ್ಷೆಯನ್ನು.

ಎಲ್ಲ ಸೈಟೂ ಕೆರೆಯ ಅಂಚಿನಲ್ಲಿಲ್ಲವಲ್ಲ ಎಂಬ ಆಕ್ಷೇಪ ಬರುತ್ತದೆ. ನಿಜ, ದಿಣ್ಣೆಯ ಮೇಲಿನ ಹಳೇ ಊರಿನ ನೆಲಕ್ಕೆ ಈ ಭಯ ಕಡಿಮೆ. ಆದರೆ ಕಾಲುವೆಗಳಿಗೆ ಕವಲುಗಳಿವೆ, ಎಷ್ಟೋ ಕವಲುಗಳ ಮೇಲೆ ಚಪ್ಪಡಿ ಕೂತು ಸ್ಕೂಟರ್ ಓಡಾಡುತ್ತಿವೆ. ಬೆಂಗಳೂರಿನ 'ಮಾಸ್ಟರ್ ಪ್ಲಾನ್ 2015' ಕೆರೆಗೆ 30 ಮೀಟರ್, ಕಾಲುವೆಗಳಿಗೆ ದರ್ಜೆಯಂತೆ ನಡುಮಧ್ಯದಿಂದ 50, 25, 15 ಮೀಟರ್ ಬಫರ್, ಅಂದರೆ ಕಟ್ಟಡ ಕಟ್ಟಬಾರದ ಅಂಚು, ಗೊತ್ತುಮಾಡಿತು. ಹಸಿರು ನ್ಯಾಯಮಂಡಳಿ 2016ರಲ್ಲಿ ಇದನ್ನು ಹಿಗ್ಗಿಸಿತು, 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು ಆ ಹೆಚ್ಚಳವನ್ನು ರದ್ದುಮಾಡಿತು. ಆ ಪ್ಲಾನಿನ ಕಡಿಮೆ ಅಂಕಿಯನ್ನೇ ಹಿಡಿಯೋಣ: 15 ಮೀಟರ್ ಎಂದರೆ 49 ಅಡಿ. ಎರಡು ಮೀಟರ್ ಅಗಲದ ಚಿಕ್ಕ ಕಾಲುವೆಯ ದಡದಲ್ಲಿರುವ 30×40 ಸೈಟು ಯಾವ ದಿಕ್ಕಿಗೆ ಉದ್ದವಿದ್ದರೂ ಪೂರ್ತಿ ಬಫರಿನೊಳಗೇ ಬರುತ್ತದೆ. ಅದರ ಕಾಗದ ಎಷ್ಟೇ ಕ್ಲಿಯರ್ ಇರಲಿ, ಕಟ್ಟಲು ಒಂದಡಿಯೂ ಉಳಿಯುವುದಿಲ್ಲ.

ಹಾಗೆಯೇ ಅಡ್ವಾನ್ಸ್ ಕೊಡುವ ಮುಂಚೆ, ಮಾಲೀಕನ ಒಪ್ಪಿಗೆ ಪಡೆದು, ಸೈಟಿನಲ್ಲಿ ಆಳೆತ್ತರದ ಗುಂಡಿ ತೋಡಿಸಬೇಕು. ಮೇಲೆ ಕಟ್ಟಡದ ಒಡಕಲು, ಅದರಡಿ ಕಪ್ಪು ಗೋಡುಮಣ್ಣು ಕಂಡರೆ ಅದು ತುಂಬಿಸಿದ ನೆಲವಿರಬಹುದು. ಗಟ್ಟಿ ನೆಲ ಸಿಗುವವರೆಗೆ ಪಾಯ ಇಳಿಸುವ ಖರ್ಚನ್ನು ಸೈಟಿನ ರೇಟಿಗೆ ಸೇರಿಸಿ ನೋಡಬೇಕು. ಪರವಾನಗಿ ಇರುವ ಸರ್ವೇಯರ್ ಕೈಲಿ ಅಳತೆ ಮಾಡಿಸುವಾಗ ಸೈಟನ್ನಷ್ಟೇ ಅಳೆದರೆ ಸಾಲದು, ಅದು ಸರ್ವೆ ನಂಬರಿನ ಯಾವ ಮೂಲೆಯಲ್ಲಿದೆ ಎಂಬುದು ಗೊತ್ತಾಗಬೇಕು. ಕೆರೆ, ಕಾಲುವೆ ಅಥವಾ ಖರಾಬು ಹೊರಬಿದ್ದರೆ ಅಡ್ವಾನ್ಸ್ ಪೂರ್ತಿ ವಾಪಸು ಎಂಬ ಸಾಲು ಅಗ್ರಿಮೆಂಟಿನಲ್ಲೇ ಇರಲಿ. 'ಈ ಏರಿಯಾದಲ್ಲಿ ಯಾರೂ ಹಾಗೆ ಬರೆಸಲ್ಲ ಸಾರ್' ಎಂದು ಬ್ರೋಕರ್ ನಗುತ್ತಾನೆ. ಮಾಲೀಕನೂ ಸಹಿಗೆ ಹಿಂಜರಿದರೆ ರೇಟು ಇಳಿಸುವ ಮಾತಿಗೆ ಕೂರದೆ ಬೇರೆ ಸರ್ವೆ ನಂಬರಿನಲ್ಲಿ ಸೈಟು ಹುಡುಕಬಹುದು.