ಎರಡಕ್ಷರದ ಉಪಕಾರ

ಲಿನಕ್ಸಿನ ವೈಫೈ ಚಾಲಕದಲ್ಲಿ, ರವಾನೆಯ ಸರದಿಯನ್ನು ಕಾಪಾಡುವ ಸ್ಪಿನ್‌ಲಾಕ್ ಎಂಬ ಬೀಗವನ್ನು ಸಾಮಾನ್ಯ ಕಾರ್ಯವೊಂದು ಹಿಡಿದಿರುವಾಗಲೇ, ಅದೇ ಸಿಪಿಯುವಿನ ಮೇಲೆ ಸಾಫ್ಟ್‌ಐಆರ್‌ಕ್ಯು ಎಂಬ ತುರ್ತುಕಾರ್ಯವು ಎರಗಿ ಬಂದು ಅದೇ ಬೀಗವನ್ನು ಬೇಡಿತೆಂದರೆ, ಹಿಡಿದವನು ಬಿಡಲಾರನು, ಬೇಡಿದವನು ತೊಲಗಲಾರನು, ಯಂತ್ರವು ಸ್ತಬ್ಧವಾಗುವುದು. ಪರೀಕ್ಷೆಯ ವೇಳೆ ಅಡಗಿದ್ದು, ಎಂದೋ ಒಂದು ಅಪರಾತ್ರಿ ತಲೆದೋರುವ ದೋಷವಿದು. 2006ರಲ್ಲಿ ಇಂಗೋ ಮೊಲ್ನಾರ್ ಮೊದಲಾದವರು ರಚಿಸಿದ ದೋಷಶೋಧಕ ಲಾಕ್‌ಡೆಪ್, ಬೀಗ ಹಿಡಿದ ಕ್ರಮವನ್ನೂ ಸಂದರ್ಭವನ್ನೂ ನೆನಪಿಟ್ಟು, ಅನಾಹುತ ಘಟಿಸುವ ಮೊದಲೇ ಎಚ್ಚರಿಸುವ ಜೋಯಿಸ; ಒಮ್ಮೊಮ್ಮೆ ಅದರ ಮಾತು ಸುಳ್ಳಾಗುವುದೂ ಉಂಟು, ಜೋಯಿಸನಲ್ಲವೆ! ಅದರ ಎಚ್ಚರಿಕೆಯ ಉದ್ದುದ್ದ ಸಾಲುಗಳನ್ನು ತಾಳ್ಮೆಯಿಂದ ಓದಿ, ಬೀಗ ಹಿಡಿಯುವ ಆಜ್ಞೆಯ ಬಾಲಕ್ಕೆ ಬಿ, ಎಚ್ ಎಂಬ ಎರಡಕ್ಷರಗಳನ್ನು ಹೊಂದಿಸಿ, ಕೆಲಸ ಮುಗಿಯುವವರೆಗೆ ಆ ಅವಸರದ ಅತಿಥಿಯನ್ನು ಹೊಸ್ತಿಲಾಚೆಯೇ ನಿಲ್ಲಿಸುವ ಕೈಚಳಕವು ನನಗೆ ಅಕ್ಕಸಾಲಿಯ ಬೆಸುಗೆಯಷ್ಟೇ ಪ್ರಿಯವಾದುದು. ಬೀಗ ಬಿಡುವ ಸಾಲಿನಲ್ಲಿಯೂ ಅವೆರಡನ್ನು ಬರೆಯಲು ಮರೆಯಬಾರದು, ಅಷ್ಟೆ.