ಆಡಳಿತಭಾಷೆಯ ಪ್ರಶ್ನೆ: ಉಚ್ಚಿಲದ ಕಡಲತೀರದಿಂದ ಒಂದು ವಿಮರ್ಶೆ

ನಗರವೊಂದರ ಆಡಳಿತವನ್ನು ಇಂಗ್ಲಿಷಿನಲ್ಲಿ ನಡೆಸುವುದೇ ಲೇಸೆಂಬ ವಾದವು ಬೆಂಗಳೂರನ್ನು ಕುರಿತು ಆಗಾಗ ಕೇಳಿಬರುತ್ತಿರುವುದುಂಟು. ಪರಸ್ಥಳದ ವಿದ್ಯಾರ್ಥಿಗಳು ಬಹುಸಂಖ್ಯೆಯಲ್ಲಿ ನೆಲಸಿರುವ ಮಣಿಪಾಲದಂತಹ ವಿದ್ಯಾನಗರದಲ್ಲಿ ಅದು ಠರಾವಿನ ರೂಪದಲ್ಲಿಲ್ಲದಿದ್ದರೂ ರೂಢಿಯ ರೂಪದಲ್ಲಿದೆ. ಕಾಪು ಮತ್ತು ಪಡುಬಿದ್ರಿಗಳ ನಡುವೆ ಕಡಲಂಚಿನಲ್ಲಿರುವ ಉಚ್ಚಿಲದಿಂದ ಮಣಿಪಾಲವು ದೂರವೇನಲ್ಲ. ಆದರೆ ಭಾಷೆಯ ದೃಷ್ಟಿಯಿಂದ ಇವೆರಡರ ಅಂತರವು ದೊಡ್ಡದು. ಆದಕಾರಣ ಈ ವಾದವನ್ನು ಉಚ್ಚಿಲದಲ್ಲಿ ನಿಂತು ಪರಾಮರ್ಶಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಮೊದಲು ಅಧಿಕಾರದ ಮಾತು. ಸಂವಿಧಾನದ ೩೪೫ನೆಯ ಅನುಚ್ಛೇದವು ಆಡಳಿತಭಾಷೆಯನ್ನು ಗೊತ್ತುಪಡಿಸುವ ಅಧಿಕಾರವನ್ನು ರಾಜ್ಯದ ಶಾಸನಸಭೆಗೆ ಕೊಟ್ಟಿದೆಯೇ ಹೊರತು ನಗರಸಭೆಗಲ್ಲ. ಶಾಸನಸಭೆಯು ಬೇರೆ ಏರ್ಪಾಡು ಮಾಡುವವರೆಗೆ ಇಂಗ್ಲಿಷು ಮುಂದುವರಿಯತಕ್ಕದ್ದೆಂದು ಅದೇ ಅನುಚ್ಛೇದವು ಹೇಳುತ್ತದೆ. ಎಂದರೆ ಇಂಗ್ಲಿಷು ಉಳಿದದ್ದು ಆಯ್ಕೆಯಿಂದಲ್ಲ, ಆಯ್ಕೆಯಾಗುವವರೆಗಿನ ತಾತ್ಕಾಲಿಕ ವ್ಯವಸ್ಥೆಯಿಂದ. ೧೯೬೩ರ ರಾಜಭಾಷಾ ಅಧಿನಿಯಮವು ಕನ್ನಡವನ್ನು ಆಯ್ದುಕೊಂಡಿತು. ಅಂದಿನಿಂದ ಅರುವತ್ತು ವರ್ಷಗಳು ಸಂದರೂ ಇಂಗ್ಲಿಷು ಕಡತಗಳಿಂದ ಪೂರ್ತಿಯಾಗಿ ಹಿಂದೆಗೆಯಲಿಲ್ಲವೆಂಬುದು ಕನ್ನಡದ ಸೋಲಲ್ಲ. ಕನ್ನಡವನ್ನು ಬಳಸಬೇಕಾದವರ ಉದಾಸೀನತೆ.

ಇಂಗ್ಲಿಷಿನ ಪರವಾಗಿ ಹೇಳಲಾಗುವ ಪ್ರಬಲವಾದ ಯುಕ್ತಿಯೆಂದರೆ ತಾಟಸ್ಥ್ಯ. ಕಾಪು ತೀರದಲ್ಲಿ ತುಳು, ಕೊಂಕಣಿ, ಬ್ಯಾರಿ, ಉರ್ದು, ಕನ್ನಡಗಳನ್ನಾಡುವವರಿದ್ದಾರೆ. ಯಾರ ಮಾತೂ ಅಲ್ಲದ ಇಂಗ್ಲಿಷು ಯಾರಿಗೂ ಪಕ್ಷಪಾತ ಮಾಡದೆಂದು ಹೇಳುತ್ತಾರೆ. ಈ ಯುಕ್ತಿಯಲ್ಲಿ ದೋಷವಿದೆ. ಎಲ್ಲರಿಗೂ ಸಮಾನವಾಗಿ ಪರಕೀಯವಾದುದು ಎಲ್ಲರಿಗೂ ಸಮಾನವಾಗಿ ದೊರೆಯುವುದೆಂದು ಹೇಳಲಾಗದು. ಅದು ದೊರೆಯುವುದು ಶಾಲೆಗೆ ಹಣ ತೆರಬಲ್ಲವರಿಗೆ. ೨೦೧೧ರ ಜನಗಣತಿಯ ಪ್ರಕಾರ ಭಾರತದಲ್ಲಿ ಇಂಗ್ಲಿಷನ್ನು ಮಾತೃಭಾಷೆಯೆಂದು ಹೇಳಿದವರು ಸುಮಾರು ೨.೬ ಲಕ್ಷ, ತುಳುವನ್ನು ಹೇಳಿದವರು ಸುಮಾರು ೧೮.೫ ಲಕ್ಷ. ನಾಗಾಲ್ಯಾಂಡು ೧೯೬೭ರಲ್ಲಿ ಇಂಗ್ಲಿಷನ್ನು ಸ್ವೀಕರಿಸಿದ್ದುಂಟು. ಆದರೆ ಅಲ್ಲಿ ಹಲವು ಪಂಗಡಗಳಿಗೆ ಹಲವು ಭಾಷೆಗಳಿದ್ದು, ಅವುಗಳಲ್ಲಿ ಒಂದಾದರೂ ಆಡಳಿತದಲ್ಲಿ ಎಲ್ಲರಿಗೂ ಪರಿಚಿತವಾಗಿರಲಿಲ್ಲ. ಇಲ್ಲಿಯ ಸ್ಥಿತಿ ಬೇರೆ.

ಬೇರೆ ಹೇಗೆಂದರೆ, ಕನ್ನಡವು ಈ ತೀರದ ಬಹುಜನರ ಮನೆಮಾತಲ್ಲ. ಆದರೂ ಬರೆಹದ ಭಾಷೆಯಾಗಿ ಅದು ಇಲ್ಲಿ ಹಳೆಯದು. ಉಚ್ಚಿಲದಿಂದ ಬಡಗಣಕ್ಕೆ ಹೋದರೆ ಸಿಗುವ ಉದ್ಯಾವರದಲ್ಲಿ ಆಳುಪ ಅರಸರ ಎಂಟನೆಯ ಶತಮಾನದ ಶಾಸನಗಳು ಕನ್ನಡದಲ್ಲಿಯೇ ಇವೆ. ದಕ್ಷಿಣ ಕನ್ನಡವು ೧೯೫೬ರವರೆಗೆ ಮದರಾಸು ಪ್ರಾಂತಕ್ಕೆ ಸೇರಿದ್ದರೂ ಶಾಲೆ ಮತ್ತು ತಾಲ್ಲೂಕು ಕಚೇರಿಗಳ ದೇಶಭಾಷೆಯು ಕನ್ನಡವಾಗಿತ್ತು. ಕನ್ನಡದ ಮೊದಲ ಪತ್ರಿಕೆಯಾದ ಮಂಗಳೂರ ಸಮಾಚಾರವು ಹೊರಟದ್ದೂ ಈ ಜಿಲ್ಲೆಯಿಂದಲೇ, ೧೮೪೩ರಲ್ಲಿ. ಇಂದಿನ ತುಳು ಪುಸ್ತಕಗಳು ಹೆಚ್ಚಾಗಿ ಅಚ್ಚಾಗುವುದು ಕನ್ನಡ ಲಿಪಿಯಲ್ಲಿ. ಹೀಗಾಗಿ ಇಲ್ಲಿ ಕನ್ನಡದ ಹಕ್ಕು ಹುಟ್ಟಿನದಲ್ಲ, ಕಲಿಕೆಯದು.

ಇದಕ್ಕೆ ಸಾಕ್ಷಿಯಾಗಿ ಭೂದಾಖಲೆಯ ಶಬ್ದಗಳನ್ನು ನೋಡಬಹುದು. ವರ್ಗ, ಮೂಲಗೇಣಿ, ಚಾಲಗೇಣಿ, ಕುಮ್ಕಿ ಎಂಬ ಮಾತುಗಳು ಶಾಲೆಯ ಮೆಟ್ಟಿಲು ಹತ್ತದ ಒಕ್ಕಲಿಗನಿಗೂ ಗೊತ್ತು. ವರ್ಗ ಭೂಮಿಗೆ ಹೊಂದಿದ ಸರಕಾರೀ ಜಾಗದಿಂದ ಸೊಪ್ಪು, ಸೌದೆ, ಮರಗಳನ್ನು ಪಡೆಯುವ ಸವಲತ್ತು ಕುಮ್ಕಿ ಎಂಬ ಒಂದು ಶಬ್ದದಲ್ಲಿ ಅಡಗಿದೆ. ಇಂಗ್ಲಿಷಿನ ತೀರ್ಪುಗಳಲ್ಲಿಯೂ ಅದನ್ನು ಹಾಗೆಯೇ ಬರೆಯಬೇಕಾಯಿತು. ಜನರ ಹಕ್ಕುಗಳು ಇಂತಹ ಮಾತುಗಳಲ್ಲಿ ನೆಲೆಗೊಂಡಿವೆ. ಆಡಳಿತಭಾಷೆಯನ್ನು ಬದಲಿಸುವುದೆಂದರೆ ಫಲಕಗಳನ್ನು ಬದಲಿಸುವುದಷ್ಟೇ ಅಲ್ಲ. ಹಕ್ಕಿಗೂ ಹಕ್ಕುದಾರನಿಗೂ ನಡುವೆ ಒಬ್ಬ ದುಭಾಷಿಯನ್ನು ತಂದು ನಿಲ್ಲಿಸುವುದು.

ಎರಡನೆಯ ಯುಕ್ತಿ ಜೀವನೋಪಾಯದ್ದು. ಈ ತೀರದ ಜನರು ಮುಂಬಯಿಗೂ ಕೊಲ್ಲಿಯ ನಾಡುಗಳಿಗೂ ಹೋಗಿ ದುಡಿದವರು. ಇಂಗ್ಲಿಷು ಅವರಿಗೆ ಅನ್ನ ಕೊಟ್ಟಿದೆ. ೧೯೫೩ರಲ್ಲಿ ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಸ್ಥಾಪಿತವಾದಂದಿನಿಂದ ಆ ಭಾಷೆಯ ಪ್ರಯೋಜನವನ್ನು ಜಿಲ್ಲೆಯು ಕಣ್ಣಾರೆ ಕಂಡಿದೆ. ರಾಜ್ಯ ಸರಕಾರವೇ ೨೦೧೯-೨೦ರಿಂದ ತನ್ನ ಶಾಲೆಗಳಲ್ಲಿ ಇಂಗ್ಲಿಷು ಮಾಧ್ಯಮದ ವಿಭಾಗಗಳನ್ನು ತೆರೆಯಿತು. ತಮ್ಮ ಮಕ್ಕಳಿಗೆ ಇಂಗ್ಲಿಷು ಬರಲೆಂದು ಬಯಸುವ ತಂದೆತಾಯಿಗಳನ್ನು ನಾವು ಆಕ್ಷೇಪಿಸಲಾರೆವು. ಆದರೆ ಕಲಿಯುವ ಭಾಷೆ ಬೇರೆ, ಆಳಿಸಿಕೊಳ್ಳುವ ಭಾಷೆ ಬೇರೆ. ವೈದ್ಯನು ಇಂಗ್ಲಿಷಿನಲ್ಲಿ ವಿದ್ಯೆ ಕಲಿಯಬಹುದು. ರೋಗಿಯು ತನ್ನ ನೋವನ್ನು ಇಂಗ್ಲಿಷಿನಲ್ಲಿ ಹೇಳಬೇಕೆಂದು ವಿಧಿಸಲು ಬಾರದು.

ಹೊರದೇಶದ ನಿದರ್ಶನವೊಂದನ್ನು ಇಲ್ಲಿ ನೆನೆಯಬಹುದು. ಅಮೆರಿಕದ ಡೇಡ್ ಕೌಂಟಿಯು ೧೯೮೦ರಲ್ಲಿ ಸ್ಥಳೀಯಾಡಳಿತವನ್ನು ಇಂಗ್ಲಿಷಿಗೇ ಸೀಮಿತಗೊಳಿಸಿ ೧೯೯೩ರಲ್ಲಿ ಆ ಕಟ್ಟಳೆಯನ್ನು ಕೈಬಿಟ್ಟಿತು. ನ್ಯಾಶ್‌ವಿಲ್ ನಗರದ ಮತದಾರರು ೨೦೦೯ರಲ್ಲಿ ಅಂತಹದೇ ಸೂಚನೆಯನ್ನು ತಿರಸ್ಕರಿಸಿದರು. ಇಂಗ್ಲಿಷೇ ಬಹುಜನರ ಮಾತಾಗಿರುವಲ್ಲಿಯೂ ಅಲ್ಪಸಂಖ್ಯಾತನು ಕಚೇರಿಯ ಬಾಗಿಲಲ್ಲಿ ಮೂಕನಾಗುವನೆಂಬ ಅಳುಕು ಜನರಿಗಿತ್ತು. ಇಲ್ಲಿಯಾದರೋ ಮೂಕರಾಗುವವರು ಬಹುಜನರೇ.

ಇಷ್ಟು ಹೇಳಿದ ಮೇಲೆ ಕನ್ನಡದ ಪಕ್ಷವನ್ನೂ ಅದೇ ಒರೆಗಲ್ಲಿಗೆ ಹಚ್ಚುವುದು ನ್ಯಾಯ. ಫಲಕಗಳ ಮೇಲ್ಭಾಗದಲ್ಲಿ ಶೇಕಡಾ ೬೦ರಷ್ಟು ಕನ್ನಡವಿರಬೇಕೆಂದು ೨೦೨೪ರ ತಿದ್ದುಪಡಿಯು ವಿಧಿಸಿತು. ಒಳ್ಳೆಯದೇ. ಆದರೆ ಫಲಕದ ಕೆಳಗಿನ ಕಿಟಕಿಯಲ್ಲಿ ಕೊಡುವ ಹಿಂಬರಹವು ಓದುವವನಿಗೆ ಅರ್ಥವಾಗದಿದ್ದರೆ ಫಲವೇನು? ಒಂದೇ ವಾಕ್ಯದಲ್ಲಿ ಪುಟ ಮುಗಿಸುವ, ಇಂಗ್ಲಿಷಿನ ಕರಡನ್ನು ಪದಕ್ಕೆ ಪದವಿಟ್ಟು ಅನುವಾದಿಸಿದ ಕಚೇರಿಯ ಕನ್ನಡವು ಉಚ್ಚಿಲದ ಮೊಗವೀರನಿಗೆ ಇಂಗ್ಲಿಷಿನಷ್ಟೇ ದೂರ. ಕಲಿಕೆಯಿಂದ ಬಂದ ಹಕ್ಕನ್ನು ತಿಳಿಯಾದ ಬಳಕೆಯಿಂದ ಪ್ರತಿದಿನವೂ ಸಂಪಾದಿಸಬೇಕಾಗುತ್ತದೆ.

ತುಳುವಿನ ಪ್ರಶ್ನೆಯೂ ಇದಕ್ಕೆ ಹೊರತಲ್ಲ. ತುಳುವನ್ನು ರಾಜ್ಯದ ಎರಡನೆಯ ಆಡಳಿತಭಾಷೆಯಾಗಿಸುವ ಬೇಡಿಕೆಯನ್ನು ಪರಿಶೀಲಿಸಲು ೨೦೨೩ರಲ್ಲಿ ಡಾ. ಮೋಹನ ಆಳ್ವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ಸರಕಾರವು ನೇಮಿಸಿತು. ೩೪೫ನೆಯ ಅನುಚ್ಛೇದವು ಒಂದು ಅಥವಾ ಹೆಚ್ಚು ಭಾಷೆಗಳನ್ನು ಹೇಳುವುದರಿಂದ ಈ ಬೇಡಿಕೆಗೆ ಸಂವಿಧಾನದ ಅಡ್ಡಿಯಿಲ್ಲ. ಇದರಿಂದ ಕನ್ನಡಕ್ಕೆ ಕುಂದೆಂದು ಭಾವಿಸುವವರೊಡನೆ ನಮಗೆ ಸಹಮತವಿಲ್ಲ. ಜನರಿಗೆ ಅರ್ಥವಾಗಬೇಕೆಂಬ ಕಾರಣದಿಂದ ಇಂಗ್ಲಿಷನ್ನು ಒಲ್ಲೆವೆನ್ನುವವರು ಅದೇ ಕಾರಣವನ್ನು ತುಳುವಿನ ಬಾಯಿಂದ ಕೇಳಿದಾಗ ಕಿವಿ ಮುಚ್ಚಿಕೊಳ್ಳಲಾಗದು. ಕಡತವು ಕನ್ನಡದಲ್ಲಿಯೂ ಕಿಟಕಿಯ ಮಾತು ತುಳುವಿನಲ್ಲಿಯೂ ನಡೆಯುವ ಪದ್ಧತಿಯು ಈ ಜಿಲ್ಲೆಯಲ್ಲಿ ಹೊಸದಲ್ಲ. ಅದಕ್ಕೆ ಕಾನೂನಿನ ಮನ್ನಣೆಯು ಬೇಕಾಗಿದೆ, ಅಷ್ಟೆ.

ಒಟ್ಟಿನಲ್ಲಿ ನಾವು ಕಂಡುಕೊಂಡದ್ದು ಇಷ್ಟು. ಆಡಳಿತಭಾಷೆಯ ಅಳತೆಗೋಲು ನಗರದ ಪ್ರತಿಷ್ಠೆಯಲ್ಲ, ಭಾಷೆಯ ಪ್ರಾಚೀನತೆಯೂ ಅಲ್ಲ. ಕಾಗದದ ಕೆಳಗೆ ಹೆಬ್ಬೆಟ್ಟು ಒತ್ತುವ ಕಟ್ಟಕಡೆಯ ಮನುಷ್ಯನಿಗೆ ತಾನು ಒಪ್ಪಿದ್ದೇನೆಂಬುದು ತಿಳಿದಿರಬೇಕು. ಈ ಅಳತೆಯಲ್ಲಿ ಇಂಗ್ಲಿಷು ಇಲ್ಲಿ ನಿಲ್ಲಲಾರದು. ಕನ್ನಡವು ನಿಲ್ಲಬಲ್ಲುದು, ತುಳುವನ್ನು ಬದಿಯಲ್ಲಿ ಕೂರಿಸಿಕೊಂಡರೆ.