ರೆನೆ ಎರ್ಸ್ ಕಟ್ಟಿದ ದೂರದಾರಿಯ ಸೈಕಲ್

ದಿನವಿಡೀ ತುಳಿದರೂ ಮೈ ನೋಯದ ಸೈಕಲ್ಲನ್ನು ಕಟ್ಟುವ ಕಸುಬು ಫ್ರಾನ್ಸಿನ ರೆನೆ ಎರ್ಸ್ ಕೈಯಲ್ಲಿ ಪರಿಪೂರ್ಣತೆಗೆ ತೀರ ಹತ್ತಿರ ಬಂದಿತ್ತು. ಪ್ಯಾರಿಸ್ ಪಕ್ಕದ ಲವಲ್ವಾ-ಪೆರೆಯಲ್ಲಿದ್ದ ಅವರ ಕಾರ್ಯಾಗಾರದಲ್ಲಿ ಸವಾರನ ಅಳತೆಗೆ ತಕ್ಕಂತೆ ಉಕ್ಕಿನ ಕೊಳವೆ ಕತ್ತರಿಸಿ ಚೌಕಟ್ಟು ಬೆಸೆಯುತ್ತಿದ್ದರು. ಮಡ್‌ಗಾರ್ಡ್, ದೀಪ, ಮುಂದಿನ ಕ್ಯಾರಿಯರ್ ಆಮೇಲೆ ಸಿಕ್ಕಿಸಿದವಲ್ಲ. ಚೌಕಟ್ಟಿನ ಜೊತೆಗೇ ರೂಪುಗೊಂಡವು. ಹಾಗಾಗಿ ಹದಗೆಟ್ಟ ರಸ್ತೆಯಲ್ಲೂ ಗಡಗಡ ಸದ್ದಿಲ್ಲ.

ಸವಾರನ ಮೈ ಸೈಕಲ್ಲನ್ನು ಮುಟ್ಟುವುದು ಸೀಟು, ಪೆಡಲ್, ಹ್ಯಾಂಡಲ್‌ಗಳಲ್ಲಿ. ಸುಖ ಮುಖ್ಯವಾಗಿ ಈ ಮೂರರ ನಡುವಿನ ಅಂತರದಲ್ಲಿದೆ. ಪೆಡಲ್ ಕೆಳಗಿಳಿದಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ಆಗ ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿ ತುಸು ಬಾಗಿರುತ್ತದೆ. ಸೀಟು ತಗ್ಗಾದರೆ ಮಂಡಿಯ ಮುಂಭಾಗ ನೋಯುತ್ತದೆ. ಎತ್ತರವಾದರೆ ಸೊಂಟ ಎಡಬಲಕ್ಕೆ ತೂಗಾಡಿ ಚರ್ಮ ಉಜ್ಜುತ್ತದೆ. ಸೀಟು ಅತಿಯಾಗಿ ಮುಂದಿದ್ದರೆ ಭಾರ ಅಂಗೈಗೆ ಬಿದ್ದು ಬೆರಳು ಜೋಮು ಹಿಡಿಯುತ್ತದೆ. ಹ್ಯಾಂಡಲ್ ದೂರವಾದರೆ ಕುತ್ತಿಗೆ, ಹೆಗಲು ಸೋಲುತ್ತವೆ. ಕೆಲವೇ ಮಿಲಿಮೀಟರ್ ವ್ಯತ್ಯಾಸ ನೂರು ಕಿಲೋಮೀಟರ್ ದಾಟಿದ ಮೇಲೆ ತನ್ನ ಲೆಕ್ಕ ಕೇಳುತ್ತದೆ.

ಈ ಸುಖದಲ್ಲಿ ಟೈರಿನದೂ ದೊಡ್ಡ ಪಾಲು. ಸುಮಾರು 40 ಮಿ.ಮೀ. ಅಗಲದ, ಮೆದು ಪಕ್ಕಗಳ, ಕಡಿಮೆ ಗಾಳಿಯ ಟೈರು ರಸ್ತೆಯ ಅದುರಾಟವನ್ನು ತಾನೇ ನುಂಗುತ್ತದೆ. ಅಗಲ ಟೈರು ನಿಧಾನ ಎಂಬ ನಂಬಿಕೆ ತಪ್ಪು.

ಇಂಥ ಸೈಕಲ್ಲಿನ ನಿಜವಾದ ಪರೀಕ್ಷೆ 1891ರಲ್ಲಿ ಶುರುವಾದ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ಸೈಕಲ್ ಸವಾರಿ: ಸುಮಾರು 1,200 ಕಿ.ಮೀ., ಗರಿಷ್ಠ ಅವಧಿ 90 ಗಂಟೆ. ಈಗ ಬೆಂಗಳೂರಿನ ಸವಾರರೂ 200, 300, 400, 600 ಕಿ.ಮೀ. ಅರ್ಹತಾ ಸವಾರಿಗಳನ್ನು ಮುಗಿಸಿ ಅಲ್ಲಿಗೆ ಹೋಗುತ್ತಾರೆ. ಎರ್ಸ್ 1976ರಲ್ಲಿ ತೀರಿಕೊಂಡ ಮೇಲೆ, ಸೈಕಲ್ ಓಟದಲ್ಲಿ ಫ್ರಾನ್ಸಿನ ಚಾಂಪಿಯನ್ ಆಗಿದ್ದ ಮಗಳು ಲಿಲಿ ಮತ್ತು ಅಳಿಯ ಕಾರ್ಯಾಗಾರವನ್ನು ಮುಂದುವರಿಸಿದರು.